ಮರದ ಮೇಲೆ ಒಂದು ಹಗ್ಗ ಸಾಲದಾ? ಎರಡನೆಯದು ನಿಜವಾಗಿಯೂ ಬೇಕಾ?

ಕವಲುಗಾರ
ಮರ ಹತ್ತಿ ಕೊಂಬೆ ಇಳಿಸುವ ಕೆಲಸಕ್ಕೆ ಬಂದು ಹತ್ತು ವರ್ಷ ಆಯಿತು. ಇಷ್ಟೂ ದಿನ ಒಂದೇ ಹಗ್ಗ. ಮೇಲೆ ಗಟ್ಟಿ ಕವಲು ನೋಡಿ ಹಗ್ಗ ಹಾಕುತ್ತೇನೆ. ಕೊಯ್ಯುವ ಜಾಗ ತಲುಪಿದ ಮೇಲೆ ಸೊಂಟದ ಲ್ಯಾನ್ಯಾರ್ಡನ್ನು, ಅಂದರೆ ಆಸರೆಗಿರುವ ಗಿಡ್ಡ ಹಗ್ಗವನ್ನು, ಕಾಂಡಕ್ಕೆ ಸುತ್ತುತ್ತೇನೆ. ಆಮೇಲೆ ಗರಗಸ. ಈಗ ಸೇರಿರುವ ತಂಡದ ಮೇಸ್ತ್ರಿಯದು ಬೇರೆಯೇ ಲೆಕ್ಕ: ನೆಲ ಬಿಟ್ಟ ಗಳಿಗೆಯಿಂದ ನೆಲ ಮುಟ್ಟುವವರೆಗೆ ಎರಡು ಹಗ್ಗ, ಅದೂ ಎರಡು ಬೇರೆ ಬೇರೆ ಕವಲಿಗೆ.

ಮೂರು ದಿನ ಮಾಡಿ ನೋಡಿದೆ, ತಲೆ ಕೆಟ್ಟುಹೋಯಿತು. ಒಂದನ್ನು ಎಳೆದರೆ ಇನ್ನೊಂದು ಎಲ್ಲೋ ರೆಂಬೆಗೆ ಸಿಕ್ಕಿಕೊಂಡಿರುತ್ತದೆ. ಪಕ್ಕದ ಕೊಂಬೆಗೆ ನಡೆಯಬೇಕಾದರೆ ಹಗ್ಗದ ಮೇಲೆ ನನ್ನನ್ನು ಹಿಡಿದಿರುವ ಎರಡು ಗಂಟನ್ನೂ ಸಡಿಲಿಸಬೇಕು, ಕೈ ಇರುವುದೇ ಎರಡು. ಅರ್ಧ ಗಂಟೆಯ ಒಣಕೊಂಬೆ ಕೆಲಸಕ್ಕೆ ನಿನ್ನೆ ಒಂದೂಕಾಲು ಗಂಟೆ ಹಿಡಿಯಿತು. ಜಾಸ್ತಿ ಹೊತ್ತು ಮೇಲಿದ್ದರೆ ಜಾಸ್ತಿ ಸುಸ್ತು, ಸುಸ್ತಾದರೆ ಜಾಸ್ತಿ ತಪ್ಪು, ಅಲ್ವಾ? ಹತ್ತು ವರ್ಷದಲ್ಲಿ ನನ್ನ ಹಗ್ಗ ಒಂದು ಸಲವೂ ತುಂಡಾಗಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಹಳೇ ಗರಗಸ
ಸುಮ್ನೆ ರಗಳೆ. ಒಂದು ಹಗ್ಗ, ಒಂದು ಲ್ಯಾನ್ಯಾರ್ಡ್, ಮೈಯೆಲ್ಲ ಕಣ್ಣು. 26 ವರ್ಷ ಹತ್ತಿದ್ದೇನೆ, ಇನ್ನೂ ಇದ್ದೇನೆ.

ನೆಲದ ಕೈ
ಬಿದ್ದವರು ಬಂದು ಇಲ್ಲಿ ಬರೆಯುವುದಿಲ್ಲವಲ್ಲ ಅಣ್ಣಾ.

ಹಳೇ ಗರಗಸ
ನೀನು ಕೆಳಗೆ ನಿಂತು ಸೊಪ್ಪು ಎಳೆಯುವವನು, ನಿನಗೇನು ಗೊತ್ತು ಮೇಲಿನ ಕಷ್ಟ.

ನೆಲದ ಕೈ
ಮೇಲಿಂದ ಬಿದ್ದದ್ದೆಲ್ಲ ನನ್ನ ತಲೆ ಮೇಲೇ ಬರುವುದು. ಅಷ್ಟು ಗೊತ್ತಿದೆ 🙂

ತರಬೇತಿ ಟೀಚರ್
ಕವಲುಗಾರ ಅವರೇ, "ಹಗ್ಗ ತುಂಡಾಗಿಲ್ಲ" ಎನ್ನುವುದು ನಿಜ. ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ಒಳ್ಳೆಯ ಹಗ್ಗ ನಿಮ್ಮ ಭಾರಕ್ಕೆ ಯಾವತ್ತೂ ಹರಿಯುವುದಿಲ್ಲ. ಅಮೆರಿಕದ ಮರ ಕೆಲಸದ ಮಾನದಂಡ, ಝಡ್133, ಹತ್ತುವ ಹಗ್ಗ ಕಡಿಮೆ ಎಂದರೂ 5,400 ಪೌಂಡ್ ತಡೆಯಬೇಕು ಎನ್ನುತ್ತದೆ. ಸುಮಾರು 2,450 ಕೆ.ಜಿ. ಗಂಟು ಹಾಕಿದಾಗ ಸ್ವಲ್ಪ ಬಲ ಹೋಗುತ್ತದೆ ಅಂದುಕೊಂಡರೂ, ಒಬ್ಬ ಮನುಷ್ಯ ಮತ್ತು ಅವನ ಗರಗಸ ಅದಕ್ಕೆ ಯಾವ ಲೆಕ್ಕ?

ಕೆಡುವುದು ಬೇರೆ ಕಡೆ. ನಾನು ಕಲಿಸುವಾಗ ಮೂರೇ ಹೇಳುತ್ತೇನೆ. ಹಗ್ಗವನ್ನು ನಾವೇ ಕೊಯ್ದುಕೊಳ್ಳುತ್ತೇವೆ. ಹಗ್ಗ ಹಾಕಿದ ಕವಲು ಮುರಿಯುತ್ತದೆ. ಇಲ್ಲವೇ ಕೊಕ್ಕೆ ಸಿಕ್ಕಿಸಿದ್ದೇವೆ ಎಂದುಕೊಂಡು ಸಿಕ್ಕಿಸಿರುವುದೇ ಇಲ್ಲ. ಈ ಮೂರರಲ್ಲಿ ಯಾವುದಕ್ಕೂ ಹಗ್ಗದ ಗಟ್ಟಿತನ ಸಹಾಯಕ್ಕೆ ಬರುವುದಿಲ್ಲ. ಬರುವುದಾದರೆ ಇನ್ನೊಂದು ಹಗ್ಗ ಬರಬೇಕು, ಅದೂ ಬೇರೆ ಕಡೆ ಕಟ್ಟಿದ್ದರೆ ಮಾತ್ರ.

ಒಂಟಿ ಕೊಂಬೆ
ಮೊದಲನೆಯದು ನಾನು ಮಾಡಿದ್ದೇನೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ಚೈನ್‌ಸಾ ಕೂಡ ಅಲ್ಲ, ಕೈ ಗರಗಸ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಒಣ ರೆಂಬೆ, ಮುಖದ ಮುಂದೆಯೇ ಅಡ್ಡ ಬಂದಿತ್ತು. ಇಷ್ಟಕ್ಕೆ ಲ್ಯಾನ್ಯಾರ್ಡ್ ಯಾಕೆ ಎಂದು ಹಾಕಲಿಲ್ಲ. ಎಡಗೈಯಲ್ಲಿ ರೆಂಬೆ ಹಿಡಿದು ಬಲಗೈಯಲ್ಲಿ ಎಳೆದೆ. ಒಣ ಮರ, ಅಂದುಕೊಂಡದ್ದಕ್ಕಿಂತ ಬೇಗ ಪಟ್ಟನೆ ತುಂಡಾಯಿತು. ಗರಗಸ ಅದೇ ವೇಗದಲ್ಲಿ ನನ್ನ ಕಡೆ ಬಂತು. ಎದೆಯ ಮುಂದೆ ಬಿಗಿಯಾಗಿ ನಿಂತಿದ್ದ ಹಗ್ಗಕ್ಕೆ ತಗುಲಿತು. ಶಬ್ದವೇ ಇಲ್ಲ. ಹೊರಗಿನ ಹೆಣಿಗೆ ಬಿಚ್ಚಿಕೊಂಡು ಒಳಗಿನ ಬಿಳಿ ಎಳೆಗಳು ಹತ್ತಿಯ ಹಾಗೆ ಹೊರಗೆ ಉಬ್ಬಿದವು. ಅರ್ಧಕ್ಕಿಂತ ಜಾಸ್ತಿ ಹೋಗಿತ್ತು.

ಮೇಲಿನ ಕೊಂಬೆಯನ್ನು ಎರಡು ಕೈಯಲ್ಲಿ ತಬ್ಬಿಕೊಂಡು ನಿಂತೆ. ಲ್ಯಾನ್ಯಾರ್ಡ್ ಸುತ್ತಲು ಒಂದು ಕೈ ಬಿಡಬೇಕಲ್ಲ, ಅದಕ್ಕೇ ಧೈರ್ಯ ಬರಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಸುತ್ತಿದೆ. ಕೆಳಗಿದ್ದವನು ಎಸೆಯುವ ದಾರದಲ್ಲಿ ಇನ್ನೊಂದು ಹಗ್ಗ ಕಳಿಸಿದ, ಅದರಲ್ಲಿ ಇಳಿದೆ. ಅವತ್ತಿನಿಂದ ಗರಗಸ ಕೈಯಲ್ಲಿದ್ದರೆ ಎರಡು ಹಗ್ಗ. ರೆಂಬೆ ಪೆನ್ಸಿಲ್‌ನಷ್ಟಿದ್ದರೂ ಸರಿ.

ಕವಲುಗಾರ
ಓದಿ ಕೈ ತಣ್ಣಗಾಯಿತು. ಆದರೆ ಒಂಟಿ ಕೊಂಬೆಯವರೇ, ನೀವು ಲ್ಯಾನ್ಯಾರ್ಡ್ ಹಾಕಿದ್ದರೆ ಸಾಕಿತ್ತಲ್ವಾ? ಎರಡನೇ ಪೂರ್ತಿ ಹಗ್ಗ ಬೇಕಿರಲಿಲ್ಲ.

ಒಂಟಿ ಕೊಂಬೆ
ಬೀಳದಿರಲು ಸಾಕಿತ್ತು. ಇಳಿಯಲು ಸಾಲುತ್ತಿರಲಿಲ್ಲ. ಲ್ಯಾನ್ಯಾರ್ಡ್ ಹಿಡಿದುಕೊಂಡು ನಿಲ್ಲಿಸುತ್ತದೆ, ಅಷ್ಟೇ. ಮೂರು ಮೀಟರ್ ಲ್ಯಾನ್ಯಾರ್ಡಿನಲ್ಲಿ ಹದಿನೈದು ಮೀಟರ್ ಇಳಿಯುವುದು ಹೇಗೆ?

ಹೊಸಬ_01
ಕ್ಷಮಿಸಿ, ದಡ್ಡ ಪ್ರಶ್ನೆ. ನಾನು ಕಲಿಯಲು ಸೇರಿ ಎರಡು ತಿಂಗಳು. ನಮ್ಮಲ್ಲಿ ಹಗ್ಗವನ್ನು ಕವಲಿನ ಮೇಲಿಂದ ಹಾಯಿಸಿ ಎರಡು ಎಳೆ ಕೆಳಗೆ ಬರುತ್ತದೆ. ಒಂದು ತುದಿ ಮೈಗೆ ಕಟ್ಟಿದ ಪಟ್ಟಿಗೆ, ಅಂದರೆ ಹಾರ್ನೆಸ್‌ಗೆ, ಇನ್ನೊಂದು ಎಳೆಗೆ ಗಂಟು. ಇದು ಆಗಲೇ ಎರಡು ಹಗ್ಗ ಅಲ್ವಾ?

ತರಬೇತಿ ಟೀಚರ್
ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಹತ್ತು ವರ್ಷ ಹತ್ತಿದವರೂ ಇಲ್ಲಿ ಎಡವುತ್ತಾರೆ. ಕಣ್ಣಿಗೆ ಎರಡು ಕಾಣುತ್ತದೆ, ಇರುವುದು ಒಂದೇ ಹಗ್ಗ. ನೀವು ಮೇಲೆ ಹೋದ ಹಾಗೆ ಅದು ಕವಲಿನ ಮೇಲೆ ಜಾರುತ್ತದೆ, ಒಂದು ಮೀಟರ್ ಏರಲು ಎರಡು ಮೀಟರ್ ಹಗ್ಗ ಎಳೆಯಬೇಕು. ಎರಡರಲ್ಲಿ ಯಾವ ಎಳೆ ತುಂಡಾದರೂ ಇನ್ನೊಂದು ಸರ್ರನೆ ಜಾರಿ ಬರುತ್ತದೆ, ಜೊತೆಗೆ ನೀವೂ. ಕವಲು ಮುರಿದರೂ ಅಷ್ಟೇ.

ಹೊಸಬ_01
ಅಯ್ಯೋ. ಎರಡು ತಿಂಗಳು ಎರಡು ಹಗ್ಗದಲ್ಲಿ ಇದ್ದೇನೆ ಅಂದುಕೊಂಡಿದ್ದೆ ಮೇಡಂ.

ಗೋಡೆ ಇಳಿಯುವವ
ನಾನು ಮರದವನಲ್ಲ. ಎತ್ತರದ ಕಟ್ಟಡ, ಗೋಪುರಗಳಲ್ಲಿ ಹಗ್ಗದ ಮೇಲೆ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಈ ಚರ್ಚೆಯೇ ಇಲ್ಲ. ಒಂದು ಕೆಲಸದ ಹಗ್ಗ, ಒಂದು ಕಾಯುವ ಹಗ್ಗ. ಎರಡನೆಯದರ ಮೇಲೆ ಒಂದು ಹಿಡಿತದ ಸಾಧನ ನಮ್ಮ ಜೊತೆಗೇ ಮೇಲೆ ಕೆಳಗೆ ಓಡಾಡುತ್ತದೆ. ಒಂದೇ ಹಗ್ಗದಲ್ಲಿ ಯಾರಾದರೂ ನೇತಾಡಿದ್ದು ಕಂಡರೆ ಅವತ್ತೇ ಮನೆಗೆ. ಚೈನ್‌ಸಾ ಹಿಡಿದುಕೊಂಡು ಒಂದೇ ಹಗ್ಗದಲ್ಲಿ ಇರುತ್ತೀರಲ್ಲ, ನಿಮಗೆಲ್ಲ ಹುಚ್ಚಾ?

ಹಳೇ ಗರಗಸ
ನಿಮ್ಮ ಗೋಡೆಗೆ ರೆಂಬೆ ಇಲ್ಲ ಸ್ವಾಮಿ. ಮೇಲಿಂದ ಕೆಳಗೆ ನೇರ ಗೆರೆ. ನಾವು ಒಂದು ಕೊಂಬೆಯ ಮೇಲೆ, ಇನ್ನೊಂದರ ಕೆಳಗೆ, ಮೂರನೆಯದನ್ನು ಬಳಸಿ ಆಚೆ ತುದಿಗೆ ಹೋಗಬೇಕು. ನಿಮ್ಮ ಆ ಕಾಯುವ ಹಗ್ಗವನ್ನು ಮರದಲ್ಲಿ ಹಾಗೇ ಬಿಟ್ಟರೆ ಎಲ್ಲೋ ಜೋತುಬಿದ್ದು ನಾಲ್ಕು ಅಡಿ ಸಡಿಲ ಆಗಿರುತ್ತದೆ. ಬಿದ್ದಾಗ ನಾಲ್ಕು ಅಡಿ ಬಿದ್ದು ಆಮೇಲೆ ಹಿಡಿಯುತ್ತದೆ. ಕಡಿಮೆ ಹಿಗ್ಗುವ ಹಗ್ಗ, ಸೊಂಟ ಮುರಿಯುತ್ತದೆ.

ತರಬೇತಿ ಟೀಚರ್
ಹಳೇ ಗರಗಸ ಸರ್ ಈ ಒಂದು ಮಾತು ಸರಿಯಾಗಿ ಹೇಳಿದರು. ಮರದಲ್ಲಿ ಎರಡನೇ ಹಗ್ಗವನ್ನು ಸುಮ್ನೆ ಕಾಯಲು ಬಿಟ್ಟರೆ ಅರ್ಧ ಉಪಯೋಗ ಹೋಯಿತು. ಎರಡರ ಮೇಲೂ ಭಾರ ಹಂಚಿ ಕೂರಬೇಕು, ಎರಡೂ ಕೆಲಸದ ಹಗ್ಗವೇ ಆಗಬೇಕು. ಒಂದು ಮರದ ಎಡಕ್ಕೆ, ಒಂದು ಬಲಕ್ಕೆ ಹಾಕಿ ನೋಡಿ. ಕೊಂಬೆಯ ತುದಿಗೆ ಹೋದಾಗ ಒಂದೇ ಹಗ್ಗ ಓರೆಯಾಗಿ ಹಿಂದಕ್ಕೆ ಎಳೆಯುತ್ತಿರುತ್ತದೆ, ಕಾಲು ಜಾರಿದರೆ ಗಡಿಯಾರದ ಲೋಲಕದ ಹಾಗೆ ಹೋಗಿ ಕಾಂಡಕ್ಕೆ ಬಡಿಯುತ್ತೀರಿ. ಎರಡು ಕಡೆಯಿಂದ ಹಿಡಿದರೆ ಆ ತೂಗಾಟ ಬಹಳ ಕಡಿಮೆ ಆಗುತ್ತದೆ, ತುದಿಯಲ್ಲಿ ಎರಡು ಕಾಲ ಮೇಲೆ ನೆಟ್ಟಗೆ ನಿಲ್ಲಬಹುದು. ಇದನ್ನು ಒಮ್ಮೆ ಅನುಭವಿಸಿದವರು ಕಾನೂನು ಇಲ್ಲದಿದ್ದರೂ ಎರಡು ಹಾಕುತ್ತಾರೆ.

ಕಾಯಿದೆ ಪುಸ್ತಕ
ಕಾನೂನು ಎಂದಿರಲ್ಲ, ಅದಕ್ಕೆ ಬಂದೆ. ಬ್ರಿಟನ್ನಿನಲ್ಲಿ ಇದು ದೊಡ್ಡ ಜಗಳವೇ ಆಗಿತ್ತು. ಅಲ್ಲಿನ ಎತ್ತರದ ಕೆಲಸದ ನಿಯಮಗಳು ಬಂದದ್ದು 2005ರಲ್ಲಿ. ಅದರ 5ನೇ ಪರಿಶಿಷ್ಟದಲ್ಲಿ ಹಗ್ಗದ ಮೇಲಿನ ಕೆಲಸಕ್ಕೆ ಬೇರೆ ಬೇರೆಯಾಗಿ ಕಟ್ಟಿದ ಕನಿಷ್ಠ ಎರಡು ಹಗ್ಗ ಇರಬೇಕು ಎಂದಿದೆ. ಒಂದೇ ಹಗ್ಗಕ್ಕೂ ಅವಕಾಶ ಇದೆ, ಆದರೆ ಎರಡನೆಯದು ಹಾಕಿದರೆ ಅಪಾಯ ಜಾಸ್ತಿಯಾಗುತ್ತದೆ ಎಂದು ಮೊದಲೇ ಪರಿಶೀಲಿಸಿ ತೋರಿಸಬೇಕು. ಮರದ ಕೆಲಸದವರು ವರ್ಷಗಟ್ಟಲೆ ಆ ವಿನಾಯಿತಿಯ ಬಾಗಿಲಲ್ಲೇ ಓಡಾಡಿದರು. 2019-20ರ ಸುಮಾರಿಗೆ ಅಧಿಕಾರಿಗಳು, ಎರಡು ಹಗ್ಗವೇ ರೂಢಿ, ಒಂದು ಅಪವಾದ ಎಂದು ಬಿಗಿ ಮಾಡಿದರು. ಆಗ ಅಲ್ಲಿನವರೂ ನಮ್ಮ ಕವಲುಗಾರರ ಹಾಗೆಯೇ ಗೊಣಗಿದರು.

ಅಮೆರಿಕದ ಝಡ್133 ಅಷ್ಟು ಬಿಗಿ ಅಲ್ಲ. ಮರದ ಮೇಲೆ ಚೈನ್‌ಸಾ ಓಡಿಸುವಾಗ ಎರಡನೇ ಆಸರೆ ಇರಬೇಕು, ಅದು ಲ್ಯಾನ್ಯಾರ್ಡ್ ಆದರೂ ನಡೆಯುತ್ತದೆ. ಅಂದರೆ ಕವಲುಗಾರರು ಹತ್ತು ವರ್ಷ ಮಾಡಿದ್ದು ಒಂದು ದೇಶದಲ್ಲಿ ಸರಿ, ಇನ್ನೊಂದರಲ್ಲಿ ಕಾರಣ ಬರೆದು ತೋರಿಸಬೇಕಾದ ವಿಷಯ.

ಹಳೇ ಗರಗಸ
ಕಾಗದ ಹಿಡಿದುಕೊಂಡು ಯಾರೂ ಮರ ಹತ್ತುವುದಿಲ್ಲ.

ಕಾಯಿದೆ ಪುಸ್ತಕ
ಹತ್ತುವುದಿಲ್ಲ. ಬಿದ್ದ ಮೇಲೆ ಎಲ್ಲರೂ ಕಾಗದ ಹುಡುಕುತ್ತಾರೆ.

ನೆಲದ ಕೈ
ಸೊಪ್ಪು ಎಳೆಯುವವನ ಕಡೆಯಿಂದ ಎರಡು ಮಾತು. ಎರಡು ಹಗ್ಗ ಎಂದರೆ ನೆಲದಲ್ಲಿ ಎರಡು ಬಾಲ. ಜೊತೆಗೆ ಕೊಂಬೆ ಇಳಿಸುವ ಹಗ್ಗ ಒಂದು, ಎಸೆಯುವ ದಾರ ಒಂದು. ಕತ್ತರಿಸಿದ ಸೊಪ್ಪು ಇದರ ಮೇಲೇ ಬೀಳುತ್ತದೆ. ಒಂದು ಸಲ ರಾಶಿ ಸೊಪ್ಪು ಎತ್ತಿ ಪುಡಿ ಮಾಡುವ ಯಂತ್ರದ ಬಾಯಿಗೆ ಹಾಕಲು ಹೊರಟಿದ್ದೆ. ಕೈಗೆ ಏನೋ ಮೆತ್ತಗೆ ತಗುಲಿತು. ನೋಡಿದರೆ ಮೇಲಿದ್ದವನ ಹಗ್ಗದ ಬಾಲ. ಯಂತ್ರದ ಉರುಳೆ ಅದನ್ನು ಹಿಡಿದಿದ್ದರೆ ಮೇಲಿನವನ ಗತಿ? ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ನಮ್ಮಲ್ಲಿ ಬಾಲ ಎರಡೂ ಚೀಲದಲ್ಲಿ. ಚೀಲ ಕಾಂಡದ ಬುಡದಲ್ಲಿ, ಯಂತ್ರ ಇರುವುದಕ್ಕೆ ಎದುರು ಬದಿ. ಎರಡು ಹಗ್ಗ ಬೇಕು ಎನ್ನುವವರು ಮೊದಲು ಎರಡು ಚೀಲ ತನ್ನಿ.

ಕವಲುಗಾರ
ಚೀಲದ ಮಾತು ಚೆನ್ನಾಗಿದೆ. ನಮ್ಮಲ್ಲಿ ಎರಡೂ ಹಗ್ಗ ಒಂದೇ ಬಣ್ಣ, ಎರಡೂ ನೆಲದಲ್ಲಿ ಗುಡ್ಡೆ. ನನ್ನ ಅರ್ಧ ಕೋಪ ಅದಕ್ಕೇ ಇರಬೇಕು.

ಒಂಟಿ ಕೊಂಬೆ
ಒಂದೇ ಬಣ್ಣ!! ಮಾರಾಯ್ರೆ, ಮೊದಲು ಅದನ್ನು ಬದಲಾಯಿಸಿ. ಗಂಟು ಬಿಚ್ಚಬೇಕಾದದ್ದು ಒಂದು, ಬಿಚ್ಚಿದ್ದು ಇನ್ನೊಂದು ಆದರೆ?

ಜೇನುಗಣ್ಣ
ಎರಡು ಹಗ್ಗದ ವಿರುದ್ಧ ನನ್ನ ಹತ್ತಿರ ಒಂದೇ ವಾದ ಇದೆ, ಅದಕ್ಕೆ ರೆಕ್ಕೆ ಇದೆ. ಪೊಟರೆಯ ಹತ್ತಿರ ಗರಗಸ ಇಟ್ಟೆ, ಕಣಜದ ಗೂಡು. ಮುಖಕ್ಕೆ ಮುತ್ತಿಕೊಂಡವು. ಒಂದು ಹಗ್ಗದಲ್ಲಿದ್ದರೆ ಲ್ಯಾನ್ಯಾರ್ಡ್ ಬಿಚ್ಚಿ ಜಾರಿ ಬರುತ್ತಿದ್ದೆ. ಎರಡಿದ್ದವು, ಎರಡೂ ಬೇರೆ ಬೇರೆ ದಿಕ್ಕಿಗೆ. ಒಂದನ್ನು ಸಡಿಲಿಸಿದರೆ ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಕಣ್ಣು ಮುಚ್ಚಿಕೊಂಡು ಎರಡು ಗಂಟಿನ ಜೊತೆ ಗುದ್ದಾಡಿ ಕೆಳಗೆ ಬರುವಷ್ಟರಲ್ಲಿ ಹದಿನಾಲ್ಕು ಕಡೆ ಕಚ್ಚಿದ್ದವು. ಎಣಿಸಿದ್ದು ಹೆಂಡತಿ.

ಹಳೇ ಗರಗಸ
ನೋಡಿ! ಇದನ್ನೇ ನಾನು ಹೇಳಿದ್ದು.

ತರಬೇತಿ ಟೀಚರ್
ನೀವು ಹೇಳಿದ್ದು ಸೊಂಟ ಮುರಿಯುತ್ತದೆ ಎಂದು, ಕಣಜ ಅಲ್ಲ 😄 ಆದರೆ ಜೇನುಗಣ್ಣ ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಎರಡು ಹಗ್ಗದಲ್ಲಿ ಇಳಿಯುವುದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ, ಹತ್ತುವುದನ್ನು ಮಾತ್ರ ಮಾಡುತ್ತಾರೆ. ನೆಲದಿಂದ ಎರಡು ಮೀಟರ್ ಎತ್ತರದಲ್ಲಿ ಕಣ್ಣು ಮುಚ್ಚಿ ಎರಡೂ ಗಂಟನ್ನು ಒಟ್ಟಿಗೆ ಸಡಿಲಿಸಿ ಇಳಿಯಿರಿ, ಇಪ್ಪತ್ತು ಸಲ. ಗಂಟಿನ ಬದಲು ಸಾಧನ ಇದ್ದರೆ ಇನ್ನೂ ಸುಲಭ. ಮತ್ತೆ, ಹತ್ತುವ ಮೊದಲು ಕೆಳಗಿಂದ ಹತ್ತು ನಿಮಿಷ ಮರ ನೋಡಿ. ಪೊಟರೆಗೆ ಹೋಗಿ ಬರುವ ಹುಳು ಕಂಡೇ ಕಾಣುತ್ತದೆ.

ಗಂಟು ಪಂಡಿತ
ಗಂಟು ಎಂದಿರಿ, ಆದ್ದರಿಂದ ನಾನು. ಹತ್ತುವಾಗ ಹಾಕುವ ಪ್ರುಸಿಕ್ ಗಂಟು ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ ಅವರಿಂದ ಬಂದದ್ದು, 1931ರಲ್ಲಿ. ಬ್ಲೇಕ್ ಗಂಟು ಮರ ಹತ್ತುವ ಜೇಸನ್ ಬ್ಲೇಕ್ ಅವರದ್ದು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅವರಿಗಿಂತ ಮೊದಲು 1981ರಲ್ಲಿ ಹೈಂಜ್ ಪ್ರೊಹಾಸ್ಕಾ ಅದನ್ನು ಪ್ರಕಟಿಸಿದ್ದರು. ಅವರೂ ಆಸ್ಟ್ರಿಯಾದವರೇ. ಮರದವರೆಲ್ಲ ನೇತಾಡುತ್ತಿರುವುದು ಬೆಟ್ಟದವರ ಗಂಟಿನಲ್ಲಿ.

ನೆಲದ ಕೈ
ಪಂಡಿತರೇ, ನಿಮ್ಮ ಗಂಟನ್ನು ಸಂಜೆ ಬಿಚ್ಚಿಕೊಡುವವನು ನಾನು. ಅದರ ಬಗ್ಗೆ ಯಾರೂ ಪ್ರಕಟಿಸಿಲ್ಲ.

ಬೋಳು ಕಾಂಡ
ಎಲ್ಲರೂ ಕೊಂಬೆ ಇರುವ ಮರದ ಮಾತಾಡುತ್ತಿದ್ದೀರಿ. ನನ್ನ ಕೆಲಸ ಜಾಸ್ತಿ ಪೂರ್ತಿ ಮರ ತೆಗೆಯುವುದು. ಕಾಲಿಗೆ ಮುಳ್ಳಿನ ಸ್ಪೈಕ್ ಕಟ್ಟಿ, ಕೊಂಬೆ ಎಲ್ಲ ಸವರಿ, ಉಳಿದ ಕಂಬವನ್ನು ಮೇಲಿಂದ ತುಂಡು ತುಂಡಾಗಿ ಇಳಿಸುವುದು. ಅಲ್ಲಿ ತಲೆಗಿಂತ ಮೇಲೆ ಕವಲೇ ಇಲ್ಲ. ಎರಡನೇ ಹಗ್ಗ ಆಕಾಶಕ್ಕೆ ಕಟ್ಟಲಾ?

ಒಂಟಿ ಕೊಂಬೆ
ಕಾಂಡಕ್ಕೇ ಕಟ್ಟಿ. ಉಕ್ಕಿನ ತಂತಿ ಇರುವ ಲ್ಯಾನ್ಯಾರ್ಡ್ ಒಂದು ಸುತ್ತು, ಹತ್ತುವ ಹಗ್ಗವನ್ನು ಕಾಂಡಕ್ಕೆ ಕುಣಿಕೆ ಹಾಕಿ ಬಿಗಿದು ಇನ್ನೊಂದು. ಕುಣಿಕೆ ನಿಮ್ಮ ಭಾರಕ್ಕೆ ಕಚ್ಚಿ ಹಿಡಿಯುತ್ತದೆ. ಕೊಯ್ಯುವ ಜಾಗದ ಕೆಳಗೆ ಎರಡೂ ಇರಬೇಕು. ಕೈಗೆ ಗರಗಸ ತಗುಲಿತು ಎನ್ನಿ, ಸ್ಪೈಕ್ ಊರುತ್ತಾ ಒಂದೊಂದೇ ಹೆಜ್ಜೆ ಇಳಿಯಲು ಆಗುತ್ತದಾ? ಹಗ್ಗ ಇದ್ದರೆ ಲ್ಯಾನ್ಯಾರ್ಡ್ ತೆಗೆದು ಒಂದೇ ಕೈಯಲ್ಲಿ ನೆಲಕ್ಕೆ ಬರಬಹುದು.

ಬೋಳು ಕಾಂಡ
ಹೌದು, ಇದು ಮಾಡುವಂಥದ್ದು. ಉಕ್ಕಿನ ಲ್ಯಾನ್ಯಾರ್ಡ್ ಇದೆ, ಅದೇ ಸಾಕು ಅಂದುಕೊಂಡಿದ್ದೆ. ಅದನ್ನಂತೂ ಗರಗಸ ಕೊಯ್ಯುವುದಿಲ್ಲವಲ್ಲ.

ತರಬೇತಿ ಟೀಚರ್
ಕೈ ಗರಗಸ ಸುಲಭಕ್ಕೆ ಕೊಯ್ಯುವುದಿಲ್ಲ. ಚೈನ್‌ಸಾ ಬೇರೆ. ಅದರ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ, ತಂತಿ ಇದ್ದರೂ ನಂಬಬೇಡಿ. ತಂತಿಯಿಲ್ಲದ ಮಾಮೂಲಿ ಹಗ್ಗವಂತೂ ಬಿಗಿಯಾಗಿದ್ದರೆ ಬಾಳೆದಿಂಡು. ಇನ್ನೊಂದು, ವಿದ್ಯುತ್ ತಂತಿ ಹತ್ತಿರ ಇರುವ ಮರಕ್ಕೆ ಉಕ್ಕಿನದು ತರಲೇಬೇಡಿ. ಮತ್ತೆ ಸ್ಪೈಕ್ ಕಡಿಯುವ ಮರಕ್ಕೆ ಮಾತ್ರ, ಉಳಿಯಬೇಕಾದ ಮರಕ್ಕೆ ಅಲ್ಲ. ಒಂದೊಂದು ಚುಚ್ಚೂ ಅದಕ್ಕೆ ಗಾಯವೇ.

ಗೋಡೆ ಇಳಿಯುವವ
ಒಂದು ಅನುಮಾನ. ಹಗ್ಗವನ್ನು ಕವಲಿನ ಮೇಲೆ ಹಾಯಿಸಿ ಇನ್ನೊಂದು ತುದಿಯನ್ನು ಬುಡಕ್ಕೇ ಕಟ್ಟಿ ಹತ್ತುವುದನ್ನು ನೋಡಿದ್ದೇನೆ. ನೆಲದಲ್ಲಿರುವವನೇ ಬಿಟ್ಟು ಇಳಿಸಬಹುದು, ಒಳ್ಳೆಯದಲ್ವಾ?

ತರಬೇತಿ ಟೀಚರ್
ಮೇಲಿರುವವನಿಗೆ ಪ್ರಜ್ಞೆ ತಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವುದೇ ಅಪಾಯ, ರಕ್ತ ಕಾಲಲ್ಲಿ ನಿಂತುಬಿಡುತ್ತದೆ. ಬೇಗ ಇಳಿಸಬೇಕು. ಆದರೆ ಎರಡು ತೊಡಕು. ಕವಲಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಎರಡು ಪಟ್ಟು: ನಿಮ್ಮ ಕಡೆಯ ಎಳೆ ಒಂದು ಪಾಲು ಎಳೆದರೆ, ಬುಡಕ್ಕೆ ಕಟ್ಟಿದ ಎಳೆ ಇನ್ನೊಂದು ಪಾಲು. ತೆಳ್ಳಗಿನ ಕವಲು ಆಯ್ದುಕೊಂಡರೆ ಮುಗಿಯಿತು. ಎರಡನೆಯದು, ಕಾಂಡದ ಉದ್ದಕ್ಕೂ ಇಳಿಯುವ ಆ ಎಳೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಆಚೆ ಬದಿಯ ರೆಂಬೆ ಕೊಯ್ಯುವಾಗ ಅದನ್ನೇ ಕೊಯ್ದುಬಿಡಬಹುದು. ಅದಕ್ಕೇ ನಾನು ಹೇಳುವುದು, ಒಂದು ಹಗ್ಗ ಬುಡಕ್ಕೆ, ಇನ್ನೊಂದು ಮೇಲೆ ಕವಲಿಗೆ.

ಹಳೇ ಗರಗಸ
ಸರಿ, ಒಂದು ವಿಷಯ ಹೇಳಿ ಹೋಗುತ್ತೇನೆ, ಯಾರೂ ನಗಬೇಡಿ. ಹೋದ ವರ್ಷ ಮಗ ನನ್ನ ಜೊತೆ ಕೆಲಸಕ್ಕೆ ಸೇರಿದ. ಮೊದಲ ದಿನವೇ ಅವನಿಗೆ ಎರಡು ಹಗ್ಗ ಹಾಕಿಸಿದೆ. ನನಗೆ ಒಂದೇ. ಅವನು ಮೇಲಿಂದ ಕೂಗಿ ಕೇಳಿದ, "ಅಪ್ಪಾ, ನಿನ್ನದು ಎಲ್ಲಿ?" ಎಂದು. ಹೊಗೆ ಕುಡಿಯುವವನು ಮಗನಿಗೆ ಬೀಡಿ ಬೇಡ ಎಂದ ಹಾಗಾಯಿತು.

ನೆಲದ ಕೈ
ನಗುತ್ತಿಲ್ಲ ಅಣ್ಣಾ. ಈಗ ಎಷ್ಟು ಹಾಕುತ್ತೀರಿ?

ಹಳೇ ಗರಗಸ
ಅವನಿದ್ದ ದಿನ ಎರಡು.

ಹೊಸಬ_01
ಎರಡನೇ ಹಗ್ಗವನ್ನೂ ಅದೇ ಕವಲಿಗೆ ಹಾಕಿದರೆ ಆಗುವುದಿಲ್ವಾ? ನಮ್ಮಲ್ಲಿ ಹಾಗೇ ಮಾಡುತ್ತಾರೆ.

ಒಂಟಿ ಕೊಂಬೆ
ಗರಗಸ ತಗುಲಿದರೆ ಉಳಿಸುತ್ತದೆ. ಕವಲು ಮುರಿದರೆ ಎರಡೂ ಹಗ್ಗ ಹಿಡಿದುಕೊಂಡೇ ಬೀಳುತ್ತೀಯ. ಒಳಗೆ ಕೊಳೆತದ್ದು ಹೊರಗಿಂದ ಕಾಣುವುದಿಲ್ಲ ತಮ್ಮಾ. ಕವಲಿನ ಕೆಳಗೆ ಅಣಬೆ ಎದ್ದಿದ್ದರೆ, ತೊಗಟೆ ಒಳಕ್ಕೆ ಮಡಚಿದ್ದರೆ ಆ ಕಡೆ ಹೋಗಲೇಬೇಡ. ಎರಡು ಕವಲು, ಎರಡು ಬೇರೆ ಬೇರೆ ತೋಳು. ಮರದಲ್ಲಿ ಅಂಥದ್ದು ಎರಡು ಇಲ್ಲ ಎಂದಾದರೆ ಆ ಮರ ಹತ್ತುವುದೇ ಬೇಡ, ಆಳನ್ನು ಮೇಲೆತ್ತುವ ಬಕೆಟ್ ಇರುವ ಲಾರಿ ತರಿಸಿ.

ಕವಲುಗಾರ
ಮೂರು ವಾರದ ಮೇಲೆ ವಾಪಸ್ ಬಂದಿದ್ದೇನೆ. ಏನಾಯಿತು ಎಂದು ಹೇಳಲೇಬೇಕು.

ಮೊದಲು ಹಗ್ಗ ಬದಲಾಯಿಸಿದೆವು, ಒಂದು ಕೆಂಪು, ಒಂದು ನೀಲಿ. ಎರಡು ಚೀಲ. ಕಣ್ಣು ಮುಚ್ಚಿ ಇಳಿಯುವುದನ್ನೂ ಮಾಡಿದೆ, ಟೀಚರ್ ಹೇಳಿದ ಇಪ್ಪತ್ತು ಸಲ ಅಲ್ಲ, ಎಂಟು ಸಲ. ಮೊದಲ ವಾರ ಬಯ್ಯುತ್ತಲೇ ಹತ್ತಿದೆ. ಎರಡನೇ ವಾರ ಅಗಲವಾದ ಒಂದು ಮರ ಬಂತು, ಕೊಂಬೆಗಳು ಉದ್ದಕ್ಕೆ ಹೊರಕ್ಕೆ ಚಾಚಿದ್ದವು. ಕೆಂಪು ನಡುವಿನ ಕವಲಿಗೆ, ನೀಲಿ ಬಲಗಡೆ ತೋಳಿಗೆ. ತುದಿಯವರೆಗೆ ಹೋಗಿ ನಿಂತೆ. ಅಲ್ಲಿ ಯಾವತ್ತೂ ಮೊಣಕಾಲೂರಿ, ಹೊಟ್ಟೆ ಒತ್ತಿಕೊಂಡು ಕೊಯ್ಯುತ್ತಿದ್ದೆ. ಈ ಸಲ ನೆಟ್ಟಗೆ ನಿಂತು ಎರಡು ಕೈಯಲ್ಲಿ ಗರಗಸ ಹಿಡಿದೆ. ಅರ್ಧ ದಿನದ ಕೆಲಸ ಅರ್ಧ ದಿನದಲ್ಲೇ ಮುಗಿಯಿತು.

ಆದರೆ ಒತ್ತೊತ್ತಾದ ಸಣ್ಣ ಮರದಲ್ಲಿ ಈಗಲೂ ರಗಳೆಯೇ, ಅದರಲ್ಲಿ ಸುಳ್ಳು ಹೇಳುವುದಿಲ್ಲ. ಅಂಥ ಮರಕ್ಕೆ ಒಂದು ಹಗ್ಗ, ಎರಡು ಲ್ಯಾನ್ಯಾರ್ಡ್ ಸಾಕಾ ಎಂದು ಮೇಸ್ತ್ರಿ ಜೊತೆ ಜಗಳ ನಡೆದಿದೆ. ಕಾರಣ ಬರೆದು ಕೊಡು, ನೋಡೋಣ ಎಂದಿದ್ದಾರೆ. ಕಾಯಿದೆ ಪುಸ್ತಕ ಸರ್, ಬರೆಯುವುದು ಹೇಗೆ ಎಂದು ಸ್ವಲ್ಪ ಹೇಳಿಕೊಡುತ್ತೀರಾ?

ಕಾಯಿದೆ ಪುಸ್ತಕ
ನಾಳೆ ಸಂಜೆ ಬರೆದು ಹಾಕುತ್ತೇನೆ. ಆ ಮರದ ನಾಲ್ಕು ಫೋಟೋ ಹಾಕಿ, ಕವಲುಗಳು ಕಾಣುವ ಹಾಗೆ.

ನೆಲದ ಕೈ
ಫೋಟೋದಲ್ಲಿ ಚೀಲ ಎರಡೂ ಕಾಣಬೇಕು.

ಕವಲುಗಾರ
ಒಂದೇ ಕಾಣುತ್ತದೆ. ಇನ್ನೊಂದರಲ್ಲಿ ನಮ್ಮ ಹುಡುಗ ಊಟದ ಡಬ್ಬಿ ಇಟ್ಟಿದ್ದಾನೆ.